ಓದುಗರ ಪ್ರಶ್ನೆಗಳು: ಮಗುವಿಗೆ ತಕ್ಕ ಪಾಠ ಮತ್ತು ಸಲಹಾ ಸಂಸ್ಥೆಗಳು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಪ್ರತಿ ವಿದ್ಯಾರ್ಥಿಯ ವೇಗಕ್ಕೂ ಮಟ್ಟಕ್ಕೂ ತಕ್ಕಂತೆ ಪಾಠ ಹೊಂದಿಸಲು ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಒಂದು ಸಲಹಾ ಸಂಸ್ಥೆಯೊಡನೆ ಮೂರು ವರ್ಷಗಳ ಒಪ್ಪಂದ ಮಾಡಿಕೊಳ್ಳಲಿದೆ ಎಂದು ಪಾಲಕರಿಗೆ ಪತ್ರ ಬಂದಿದೆ. ಅನುಭವಿ ಶಿಕ್ಷಕರೇ ಇರುವಾಗ ಹೊರಗಿನವರು ಏಕೆ ಬೇಕು? ಶಾಲಾ ಮಂಡಳಿಯ ಸಭೆಯಲ್ಲಿ ನಾನು ಏನು ಕೇಳಬೇಕು?
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಮ್ಮಲ್ಲಿ, ಕರ್ನಾಟಕದಲ್ಲಿ, ಪಠ್ಯ, ತರಬೇತಿ, ವೇಳಾಪಟ್ಟಿ ಎಲ್ಲವೂ ರಾಜ್ಯದ ಇಲಾಖೆಯಿಂದ ಇಳಿದು ಬರುತ್ತವೆ. ಅಲ್ಲಿ ಇವುಗಳಲ್ಲಿ ಬಹುಪಾಲನ್ನು ಸ್ಥಳೀಯ ಮಂಡಳಿ ಮತ್ತು ಅದು ನೇಮಿಸಿದ ಮುಖ್ಯ ಆಡಳಿತಾಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ನಿರ್ಧರಿಸುತ್ತಾರೆ. ಹತ್ತು ಹನ್ನೆರಡು ಶಾಲೆಗಳನ್ನು ನಡೆಸುವ ಒಂದು ಸಣ್ಣ ಕಚೇರಿಗೆ ದಿನನಿತ್ಯದ ಆಡಳಿತವೇ ಸಾಕಷ್ಟು ಕೆಲಸವಾಗಿರುತ್ತದೆ. ತರಗತಿಯ ರಚನೆಯನ್ನೇ ಬದಲಿಸಿ, ಮೌಲ್ಯಮಾಪನದ ಅಂಕಿಅಂಶಗಳನ್ನು ವಾರವಾರ ಓದಲು ಶಿಕ್ಷಕರಿಗೆ ಕಲಿಸಿ, ಅದಕ್ಕೆ ಹೊಂದುವ ತಂತ್ರಾಂಶವನ್ನು ಆರಿಸಿಕೊಡುವಷ್ಟು ಜನ ಆ ಕಚೇರಿಯಲ್ಲಿ ಇರುವುದಿಲ್ಲ. ಆದ್ದರಿಂದ ಹೊರಗಿನ ನೆರವನ್ನು ಪಡೆಯುವುದು ತನ್ನಷ್ಟಕ್ಕೆ ತಪ್ಪಲ್ಲ.

ಈ ಬಗೆಯ ಒಪ್ಪಂದಗಳಿಗೆ ದೊಡ್ಡ ಬಲ ಬಂದದ್ದು 2012ರಲ್ಲಿ. ಒಬಾಮಾ ಸರ್ಕಾರವು ‘ರೇಸ್ ಟು ದ ಟಾಪ್’ ಎಂಬ ಸ್ಪರ್ಧಾತ್ಮಕ ಅನುದಾನ ಯೋಜನೆಯ ಒಂದು ಸುತ್ತನ್ನು ನೇರವಾಗಿ ಡಿಸ್ಟ್ರಿಕ್ಟ್‌ಗಳಿಗಾಗಿಯೇ ಮೀಸಲಿಟ್ಟು, ಪ್ರತಿ ಮಗುವಿಗೆ ತಕ್ಕ ಕಲಿಕೆಯನ್ನು ಅದರ ಮುಖ್ಯ ಷರತ್ತಾಗಿಸಿತು. 55 ಡಿಸ್ಟ್ರಿಕ್ಟ್‌ಗಳನ್ನು ಪ್ರತಿನಿಧಿಸಿದ 16 ಅರ್ಜಿದಾರರು ಸುಮಾರು 40 ಕೋಟಿ ಡಾಲರ್ ಹಂಚಿಕೊಂಡರು. ನಿಮ್ಮ ನೆರೆಯ ನ್ಯೂಯಾರ್ಕ್ ರಾಜ್ಯದ ಮಿಡಲ್‌ಟೌನ್ ಡಿಸ್ಟ್ರಿಕ್ಟ್ ಅವುಗಳಲ್ಲೊಂದು. ಅದು ಸುಮಾರು 2 ಕೋಟಿ ಡಾಲರ್ ಪಡೆದು, 2010ರಲ್ಲಿ ಸ್ಥಾಪನೆಯಾಗಿದ್ದ ಎಜುಕೇಶನ್ ಎಲಿಮೆಂಟ್ಸ್ ಎಂಬ ಸಲಹಾ ಸಂಸ್ಥೆಯ ಜೊತೆ ಕೆಲಸ ಮಾಡಿತು. ಇಂತಹ ಕಾರ್ಯಕ್ರಮಗಳಲ್ಲಿ ತರಗತಿಯನ್ನು ಸಾಮಾನ್ಯವಾಗಿ ಗುಂಪುಗಳಾಗಿ ವಿಂಗಡಿಸುತ್ತಾರೆ: ಒಂದು ಗುಂಪು ಶಿಕ್ಷಕರೊಡನೆ ಮೇಜಿನ ಸುತ್ತ ಕೂತರೆ, ಇನ್ನೊಂದು ಕಂಪ್ಯೂಟರಿನಲ್ಲಿ ತನ್ನ ಮಟ್ಟದ ಅಭ್ಯಾಸ ಮಾಡುತ್ತದೆ, ಮತ್ತೊಂದು ತಮ್ಮತಮ್ಮಲ್ಲೇ ಅಥವಾ ಪುಸ್ತಕದೊಡನೆ ತೊಡಗುತ್ತದೆ, ಮತ್ತು ನಿಗದಿತ ಸಮಯಕ್ಕೆ ಗುಂಪುಗಳು ಜಾಗ ಬದಲಿಸುತ್ತವೆ. ಇಪ್ಪತ್ತೈದು ಮಕ್ಕಳಿಗೆ ಒಟ್ಟಾಗಿ ಪಾಠ ಹೇಳುವ ಶಿಕ್ಷಕರಿಗೆ ಇದರಿಂದ ಆರೇಳು ಮಕ್ಕಳೊಡನೆ ಹತ್ತಿರದಿಂದ ಮಾತಾಡುವ ಅವಕಾಶ ಸಿಗುತ್ತದೆ. ಈ ವ್ಯವಸ್ಥೆಯ ಬೆಲೆ ಇರುವುದೇ ಆ ಅವಕಾಶದಲ್ಲಿ. ಕಂಪ್ಯೂಟರಿನ ಮುಂದೆ ಕಳೆಯುವ ಹೊತ್ತು ಹೆಚ್ಚಾಗಿ ಶಿಕ್ಷಕರ ಮೇಜಿನ ಬಳಿ ಕಳೆಯುವ ಹೊತ್ತು ಕಡಿಮೆಯಾದರೆ, ಹೆಸರು ಏನೇ ಇರಲಿ, ಮಗುವಿಗೆ ನಷ್ಟವೇ.

ಈ ನಷ್ಟದ ಒಂದು ಉದಾಹರಣೆ ಕ್ಯಾನ್ಸಸ್ ರಾಜ್ಯದಲ್ಲಿದೆ. ಕ್ಯಾಲಿಫೋರ್ನಿಯಾದ ಸಮಿಟ್ ಶಾಲಾ ಸಮೂಹವು ಫೇಸ್‌ಬುಕ್‌ನ ಎಂಜಿನಿಯರುಗಳ ನೆರವಿನಿಂದ ಕಟ್ಟಿದ, ಚಾನ್–ಝಕರ್‌ಬರ್ಗ್ ಸಂಸ್ಥೆಯ ಹಣದಿಂದ ಬೆಳೆದ ಕಲಿಕಾ ಕಾರ್ಯಕ್ರಮವು ಶಾಲೆಗಳಿಗೆ ಉಚಿತವಾಗಿ ದೊರೆಯುತ್ತಿತ್ತು, ಶಿಕ್ಷಕರ ತರಬೇತಿಯೂ ಅದರೊಡನೆ ಬರುತ್ತಿತ್ತು. ಮ್ಯಾಕ್‌ಫರ್ಸನ್ ಮತ್ತು ವೆಲಿಂಗ್ಟನ್ ಎಂಬ ಊರುಗಳ ಶಾಲೆಗಳು 2018ರಲ್ಲಿ ಅದನ್ನು ಅಳವಡಿಸಿಕೊಂಡವು. ಪ್ರತಿ ವಿದ್ಯಾರ್ಥಿಯೂ ವಾರಕ್ಕೊಮ್ಮೆ ಶಿಕ್ಷಕರೊಡನೆ ಒಬ್ಬೊಬ್ಬರಾಗಿ ಕನಿಷ್ಠ ಹತ್ತು ನಿಮಿಷ ಮಾತಾಡಬೇಕೆಂಬುದು ಆ ಕಾರ್ಯಕ್ರಮದ ಮುಖ್ಯ ಭಾಗವಾಗಿತ್ತು. ಆದರೂ ಗಂಟೆಗಟ್ಟಲೆ ಲ್ಯಾಪ್‌ಟಾಪ್ ಮುಂದೆ ಕೂತು ತಲೆನೋವು ಬರುತ್ತಿದೆ, ಒಂಟಿತನ ಕಾಡುತ್ತಿದೆ ಎಂಬ ದೂರುಗಳು ಬಂದವು. ಕೆಲವು ವಿದ್ಯಾರ್ಥಿಗಳು ತರಗತಿಯಿಂದ ಹೊರನಡೆದರು, ಕೆಲವು ಪಾಲಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಕನೆಕ್ಟಿಕಟ್‌ನ ಚೆಷರ್ ಎಂಬ ಊರು ಅದಕ್ಕೂ ಮೊದಲೇ, 2017ರಲ್ಲಿ, ಪಾಲಕರ ಒತ್ತಾಯಕ್ಕೆ ಮಣಿದು ಇದೇ ಕಾರ್ಯಕ್ರಮವನ್ನು ನಿಲ್ಲಿಸಿತ್ತು. ಕಾಗದದಲ್ಲಿ ಒಳ್ಳೆಯದಾಗಿ ಕಾಣುವ ಯೋಜನೆ ಶಾಲೆಯೊಳಗೆ ಬೇರೆಯೇ ರೂಪ ತಾಳಬಹುದು ಎಂಬುದನ್ನು ಮಂಡಳಿಗಳು ಈ ಊರುಗಳನ್ನು ನೋಡಿ ಗಂಭೀರವಾಗಿ ತಿಳಿದುಕೊಳ್ಳಬೇಕು.

ಹಣದ ವಿಷಯವನ್ನೂ ಸಂಕೋಚವಿಲ್ಲದೆ ಕೇಳಿ. ಶಿಕಾಗೋದಲ್ಲಿ ಪ್ರಾಂಶುಪಾಲರಿಗೆ ತರಬೇತಿ ಕೊಡಲು ಸುಪೆಸ್ ಅಕಾಡೆಮಿ ಎಂಬ ಸಂಸ್ಥೆಗೆ ಟೆಂಡರ್ ಕರೆಯದೆಯೇ 2.05 ಕೋಟಿ ಡಾಲರಿನ ಗುತ್ತಿಗೆ ಕೊಡಲಾಯಿತು. ಅದಕ್ಕೆ ಪ್ರತಿಯಾಗಿ ಲಂಚದ ಒಡಂಬಡಿಕೆ ಇದ್ದದ್ದು ಬಯಲಾಗಿ, ಅಲ್ಲಿನ ಸಾರ್ವಜನಿಕ ಶಾಲೆಗಳ ಮುಖ್ಯಸ್ಥೆಯಾಗಿದ್ದ ಬಾರ್ಬರಾ ಬರ್ಡ್-ಬೆನೆಟ್ 2015ರಲ್ಲಿ ತಪ್ಪೊಪ್ಪಿಕೊಂಡರು, 2017ರಲ್ಲಿ ಅವರಿಗೆ ನಾಲ್ಕೂವರೆ ವರ್ಷಗಳ ಸೆರೆವಾಸವಾಯಿತು. ಎಲ್ಲ ಒಪ್ಪಂದಗಳೂ ಹೀಗೆಂದು ಹೇಳುವುದು ಅನ್ಯಾಯ. ಆದರೆ ಸಲಹೆ, ತರಬೇತಿ ಮುಂತಾದ ಕೆಲಸಗಳನ್ನು ಕಟ್ಟಡದಂತೆ ಅಳೆದು ನೋಡಲಾಗುವುದಿಲ್ಲ. ಆದ್ದರಿಂದಲೇ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಸಭೆಯಲ್ಲಿ ನಿಮಗೆ ಸಿಗುವ ಕೆಲವೇ ನಿಮಿಷಗಳನ್ನು ಹೀಗೆ ಬಳಸಬಹುದು. ಈ ಸಂಸ್ಥೆಯನ್ನು ಎಷ್ಟು ಪ್ರಸ್ತಾವಗಳ ನಡುವಿನಿಂದ ಆರಿಸಲಾಯಿತು, ಮತ್ತು ಅದು ಶಿಫಾರಸು ಮಾಡುವ ತಂತ್ರಾಂಶದ ಕಂಪನಿಯಿಂದ ಅದಕ್ಕೆ ಹಣ ಬರುತ್ತದೆಯೇ ಎಂದು ಮೊದಲು ಕೇಳಿ. ಸಂಸ್ಥೆಯ ಜನ ತಿಂಗಳಿಗೆ ಎಷ್ಟು ದಿನ ತರಗತಿಯೊಳಗೆ ಇರುತ್ತಾರೆ, ಎಷ್ಟು ದಿನ ಕಚೇರಿಯ ಸಭೆಗಳಲ್ಲಿ ಇರುತ್ತಾರೆ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮೂರನೆಯ ವರ್ಷ ಮುಗಿದು ಅವರು ಹೊರಟುಹೋದ ಮೇಲೆ ಈ ಕೆಲಸವನ್ನು ಯಾವ ಶಿಕ್ಷಕರು ಮುಂದುವರಿಸುತ್ತಾರೆ, ಅವರಿಗೆ ಅದಕ್ಕಾಗಿ ಪಾಠದ ಹೊರೆಯಲ್ಲಿ ರಿಯಾಯಿತಿ ಇದೆಯೇ ಎಂದು ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ, ಒಪ್ಪಂದ ಮುಗಿಯುವಾಗ ಅದನ್ನು ನವೀಕರಿಸದೆ ಬೇರೆ ದಾರಿಯೇ ಇರುವುದಿಲ್ಲ ಎಂದು ತಿಳಿಯಬಹುದು. ಒಪ್ಪಂದದ ಪ್ರತಿಯನ್ನು ನಿಮ್ಮ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ, ನಮ್ಮ ಮಾಹಿತಿ ಹಕ್ಕಿನಂತೆಯೇ, ಬರೆದು ಪಡೆಯಲು ಸಾಧ್ಯ. ಮಗಳ ಅಂಕ, ಉತ್ತರಗಳ ದಾಖಲೆ ಯಾರ ಬಳಿ ಉಳಿಯುತ್ತದೆ ಎಂಬುದನ್ನೂ ಅದರಲ್ಲಿ ನೋಡಿ; ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಪಾಡುವ 1974ರ ಫೆರ್ಪಾ ಕಾಯ್ದೆ ಆ ದಾಖಲೆಗಳನ್ನು ನೋಡುವ ಹಕ್ಕನ್ನು ಪಾಲಕರಿಗೆ ಕೊಟ್ಟಿದೆ.

ಪ್ರಶ್ನೆ: ಪ್ರತಿ ಮಗುವಿಗೆ ತಕ್ಕಂತೆ ಪಾಠ ಹೊಂದಿಸುವ ಕ್ರಮದಿಂದ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆಯೇ?
– ಎಂ.ಎಡ್. ವಿದ್ಯಾರ್ಥಿ, ಧಾರವಾಡ

ಉತ್ತರ: ಆಧಾರವಿದೆ, ಪ್ರಚಾರದಲ್ಲಿ ಹೇಳುವಷ್ಟಿಲ್ಲ. ಗೇಟ್ಸ್ ಪ್ರತಿಷ್ಠಾನದ ಹಣದಿಂದ ರ‍್ಯಾಂಡ್ ಸಂಶೋಧನಾ ಸಂಸ್ಥೆ ನಡೆಸಿದ ಅಧ್ಯಯನಗಳು ಹೆಚ್ಚು ಉಲ್ಲೇಖವಾಗುತ್ತವೆ. 2015ರ ವರದಿಯು ಈ ಕ್ರಮವಿದ್ದ 62 ಶಾಲೆಗಳ ಸುಮಾರು 11,000 ವಿದ್ಯಾರ್ಥಿಗಳನ್ನು ಅಂತಹುದೇ ಇತರ ವಿದ್ಯಾರ್ಥಿಗಳೊಡನೆ ಹೋಲಿಸಿ, ಗಣಿತ ಮತ್ತು ಓದಿನಲ್ಲಿ ಉತ್ತಮ ಪ್ರಗತಿಯನ್ನು ಕಂಡಿತು. ಬೇರೊಂದು ಶಾಲಾ ಸಮೂಹವನ್ನು ನೋಡಿದ 2017ರ ವರದಿಯಲ್ಲಿ ಗಣಿತದ ಲಾಭ ಸುಮಾರು ಮೂರು ಪರ್ಸೆಂಟೈಲ್ ಅಂಕಗಳಷ್ಟು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಮೂರು ಸ್ಥಾನ ಮೇಲೇರಿದಷ್ಟು ಮಾತ್ರ. ಓದಿನಲ್ಲಿ ಕಂಡ ಲಾಭವು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಂತಿರಲಿಲ್ಲ. ಈ ಶಾಲೆಗಳು ತಾವಾಗಿ ಅರ್ಜಿ ಹಾಕಿ ವಿಶೇಷ ಅನುದಾನ ಪಡೆದವು ಎಂಬುದನ್ನೂ ಮರೆಯಬಾರದು. ಸಂಸ್ಥೆಗಳ ಕರಪತ್ರಗಳಲ್ಲಿ ಹೆಚ್ಚಾಗಿ ಕಾಣುವುದು 1984ರಲ್ಲಿ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಬರೆದ ಲೇಖನ. ಅದರಲ್ಲಿನ ಅಸಾಧಾರಣ ಲಾಭವು ಮನುಷ್ಯರು ಒಬ್ಬೊಬ್ಬರಿಗೇ ಕೂತು ಹೇಳಿಕೊಟ್ಟ ಪಾಠದಿಂದ ಬಂದದ್ದು. ಅದನ್ನು ಒಂದು ತಂತ್ರಾಂಶದ ಸಾಧನೆಗೆ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ. ನಿಮ್ಮ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ: ನಾನು ಮಕ್ಕಳು ಕಾರ್ಡುಗಳ ಮೂಲಕ ತಮ್ಮತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ತರಗತಿಯ ಶಿಕ್ಷಕಿ. ಅಮೆರಿಕದ ಈ ವಿಚಾರ ನಮ್ಮದಕ್ಕಿಂತ ಹೇಗೆ ಬೇರೆ? ನಮ್ಮ ಕ್ಲಸ್ಟರಿಗೂ (ಅಕ್ಕಪಕ್ಕದ ಶಾಲೆಗಳ ಗುಂಪಿಗೂ) ಒಂದು ಸಂಸ್ಥೆ ತರಬೇತಿ ಕೊಡಲು ಮುಂದೆ ಬಂದಿದೆ.
– ಚಾಮರಾಜನಗರ ಜಿಲ್ಲೆ

ಉತ್ತರ: ಮೂಲ ಆಶಯ ಒಂದೇ, ಮತ್ತು ಈ ದಾರಿಯಲ್ಲಿ ನೀವು ಅವರಿಗಿಂತ ಹಿಂದೆ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾದಾಗ, ಅದಕ್ಕೆ ದಾರಿ ತೋರಿಸಿದ್ದು ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ. ಅಂದರೆ ಅಲ್ಲಿಯೂ ಹೊರಗಿನ ಸಲಹೆಗಾರರಿದ್ದರು. ಆದರೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ನೋಡಿ, ಹಿಂದಿರುಗಿ ತಮ್ಮ ಮಕ್ಕಳಿಗಾಗಿ ಕಾರ್ಡುಗಳನ್ನೂ ಅವನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸುವ ಕಲಿಕಾ ಏಣಿಯನ್ನೂ ತಾವೇ ರೂಪಿಸಿದರು. ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿ ಯಾವ ಮಗು ನಿಂತಿದೆ ಎಂಬುದು ಆ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಆ ಮೆಟ್ಟಿಲುಗಳನ್ನು ಇಟ್ಟವರೇ ಅವರು. ಮುಂದೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಕ್ರಮ ವಿಸ್ತರಿಸಿದಾಗ ಕಾರ್ಡುಗಳು ಸಿದ್ಧವಾಗಿ ಬಂದವು, ರೂಪಿಸುವ ಅನುಭವ ಎಲ್ಲರಿಗೂ ಬರಲಿಲ್ಲ. ಕೆಲವು ತರಗತಿಗಳಲ್ಲಿ ಶಿಕ್ಷಕರ ಬೆಂಬಲಿತ ಗುಂಪಿಗೆ (ಶಿಕ್ಷಕರು ಜೊತೆಗೆ ಕೂತು ಕಲಿಸುವ ಮಕ್ಕಳಿಗೆ) ಸಿಗಬೇಕಾದ ಸಮಯ ದಾಖಲೆ ತುಂಬುವುದರಲ್ಲೇ ಕಳೆದುಹೋಗುತ್ತದೆ ಎಂಬ ನೋವು ನಿಮ್ಮಂಥ ಶಿಕ್ಷಕರಿಂದ ಕೇಳಿಬರುವುದು ನ್ಯಾಯವಾದದ್ದೇ.

ಹಾಗಾಗಿ ನಿಮ್ಮ ಕ್ಲಸ್ಟರಿಗೆ ಬರುವ ಸಂಸ್ಥೆಯವರಿಗೆ ಒಂದು ಕೋರಿಕೆ ಇಡಿ. ಸಭಾಂಗಣದ ತರಬೇತಿಗೆ ಮುಂಚೆ ಒಂದು ಇಡೀ ದಿನ ನಿಮ್ಮ ತರಗತಿಯಲ್ಲಿ ಕೂತು ನೋಡಲಿ; ಮರುದಿನ ಅವರಲ್ಲಿ ಒಬ್ಬರು, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗಿರುವ ಅದೇ ಕೋಣೆಯಲ್ಲಿ, ನಿಮ್ಮೆದುರು ಒಂದು ಅವಧಿ ಎಲ್ಲ ಗುಂಪುಗಳನ್ನೂ ನಡೆಸಲಿ. ಅದಕ್ಕೆ ಒಪ್ಪುವವರಾದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಅವರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಕಚೇರಿಗೆ ನಿಮ್ಮ ಒಪ್ಪಿಗೆ ತಿಳಿಸಿ, ಹೊಸ ಕಾರ್ಡುಗಳನ್ನು ನೀವೂ ಜೊತೆಯಲ್ಲಿ ಬರೆಯುವಿರಿ ಎಂಬ ಮಾತನ್ನು ಆ ಪತ್ರದಲ್ಲೇ ಸೇರಿಸಿ.