ತಲೆಪೆಟ್ಟಿನ ನಂತರ ಟಿಎಂಎಸ್: ಹಣ ಕಟ್ಟುವ ಮುನ್ನ

ಓದುಗರೊಬ್ಬರ ಪತ್ರದ ಸಾರ: ಬೈಕ್ ಅಪಘಾತದಲ್ಲಿ ತಮ್ಮನ ತಲೆಗೆ ಪೆಟ್ಟಾಗಿ ವರ್ಷ ದಾಟಿದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಆದರೂ ತಲೆನೋವು, ತಲೆಸುತ್ತು, ಮರೆವು ಬಿಟ್ಟಿಲ್ಲ. ಹಾರ್ನ್ ಸದ್ದಿಗೆ ಬೆಚ್ಚಿಬೀಳುತ್ತಾರೆ, ಗಾಡಿ ಮುಟ್ಟುವುದಿಲ್ಲ, ಕನಸಿನಲ್ಲೂ ಅದೇ ಅಪಘಾತ. ಮೂವತ್ತು ಸಿಟ್ಟಿಂಗ್ ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಅಂದರೆ ಕಾಂತಕ್ಷೇತ್ರದಿಂದ ಮಿದುಳನ್ನು ಚುರುಕುಗೊಳಿಸುವ ಚಿಕಿತ್ಸೆ) ಕೊಟ್ಟರೆ ಎಲ್ಲವೂ ವಾಸಿಯಾಗುತ್ತದೆ ಎಂದು ಒಂದು ಕೇಂದ್ರದವರು ಹೇಳಿದ್ದಾರೆ. ಇದು ಷಾಕ್ ಟ್ರೀಟ್‌ಮೆಂಟೇ? ನಂಬಬಹುದೇ?

ಸಂಪಾದಕರ ಉತ್ತರ:

ಷಾಕ್ ಟ್ರೀಟ್‌ಮೆಂಟ್ ಅಲ್ಲ. ಅದರಲ್ಲಿ ಅರಿವಳಿಕೆ ಕೊಟ್ಟು ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಟಿಎಂಎಸ್‌ನಲ್ಲಿ ಫಿಟ್ಸ್ ಬರದಂತೆ ಕಾಯಬೇಕು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಮೊದಲು ತೋರಿಸಿದ ತಂತ್ರ ಇದು. ತಲೆಯ ಮೇಲಿಟ್ಟ ಕಾಯಿಲ್‌ನಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿಸಿದರೆ ಹುಟ್ಟುವ ಕಾಂತಕ್ಷೇತ್ರ ಮೂಳೆ ದಾಟಿ, ಕೆಳಗಿನ ಎರಡು-ಮೂರು ಸೆಂಟಿಮೀಟರ್‌ನಷ್ಟು ಆಳದ ನರಕೋಶಗಳನ್ನು ಚುರುಕುಗೊಳಿಸುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಟಕಟಕ ಸದ್ದು ಜೋರಾಗಿರುವುದರಿಂದ ಕಿವಿಗೆ ಇಯರ್‌ಪ್ಲಗ್ ಬೇಕೇಬೇಕು. ಸದ್ದನ್ನೇ ತಾಳದ ನಿಮ್ಮ ತಮ್ಮನಿಗಂತೂ ಇದು ಸಣ್ಣ ವಿಷಯವಲ್ಲ.

ಆದರೆ "ಎಲ್ಲವೂ ವಾಸಿ" ಎಂಬ ಮಾತಿಗೆ ಇಂದಿನ ಸಂಶೋಧನೆಯಲ್ಲಿ ಆಧಾರವಿಲ್ಲ. ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಗೆ 2008ರಲ್ಲಿ, ಓಸಿಡಿಗೆ (ಬೇಡದ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಮಾಡುವ ಗೀಳು) 2018ರಲ್ಲಿ ಈ ಯಂತ್ರಗಳನ್ನು ಒಪ್ಪಿತು. ಪಿಟಿಎಸ್‌ಡಿಗಾಗಲಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ), ಹಳೆಯ ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗಿದ) ತೊಂದರೆಗಾಗಲಿ ಅಂಥ ಒಪ್ಪಿಗೆ ಇಲ್ಲ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ 2023ರಲ್ಲಿ ಹೊರಡಿಸಿದ ಪಿಟಿಎಸ್‌ಡಿ ಮಾರ್ಗಸೂಚಿ, ಟಿಎಂಎಸ್ ಬೇಕು ಎನ್ನಲೂ ಬೇಡ ಎನ್ನಲೂ ಪುರಾವೆ ಸಾಲದು ಎನ್ನುತ್ತದೆ.

ಹಾಗೆಂದು ಆಸೆಯೇ ಇಲ್ಲವೆಂದಲ್ಲ. 2018ರಲ್ಲಿ ಪ್ರಕಟವಾದ, ಪಿಟಿಎಸ್‌ಡಿ ಇದ್ದ 103 ಮಾಜಿ ಸೈನಿಕರ ಅಧ್ಯಯನವೊಂದರಲ್ಲಿ ಬಲ ಹಣೆಯ ಭಾಗಕ್ಕೆ ಸೆಕೆಂಡಿಗೆ ಒಂದರಂತೆ ಅರ್ಧ ಗಂಟೆ ಪಲ್ಸ್ (ಕಾಂತದ ಮಿಡಿತ) ಕೊಟ್ಟು, ಆ ಕೂಡಲೇ ಆಪ್ತಸಮಾಲೋಚನೆಗೆ ಕೂರಿಸಿದರು. ನಕಲಿ ಪಲ್ಸ್‌ನೊಂದಿಗೆ ಅದೇ ಸಮಾಲೋಚನೆ ಪಡೆದವರಿಗಿಂತ ಇವರು ಹೆಚ್ಚು ಸುಧಾರಿಸಿದರು. ಯಂತ್ರ ಅಲ್ಲಿ ಚಿಕಿತ್ಸೆಗೆ ಒತ್ತಾಸೆ, ಬದಲಿಯಲ್ಲ ಎಂಬುದನ್ನು ಗಮನಿಸಿ. ಕನ್ಕಷನ್ ನಂತರದ ತಲೆನೋವಿನ ಅಧ್ಯಯನಗಳು ಇನ್ನೂ ಚಿಕ್ಕವು. ಕೆಲವದರಲ್ಲಿ ಇಪ್ಪತ್ತೇ ಜನ. ಒಬ್ಬರು ಎಡ ಹಣೆಯ ಭಾಗ ಆರಿಸಿದರೆ ಇನ್ನೊಬ್ಬರು ಕೈಕಾಲು ಆಡಿಸುವ ಭಾಗ. ಹೀಗಿರುವಾಗ ಮೂವತ್ತೇ ಸಿಟ್ಟಿಂಗ್ ಎಂಬ ಲೆಕ್ಕ ಬಹುಶಃ ಖಿನ್ನತೆಯ ಚಿಕಿತ್ಸೆಯಿಂದ ತಂದದ್ದು.

ಇನ್ನೊಂದು ಕಹಿ ಸತ್ಯವಿದೆ. ಖಿನ್ನತೆಯಿದ್ದ 164 ಮಾಜಿ ಸೈನಿಕರ ಮೇಲಿನ ಅಧ್ಯಯನವೊಂದರಲ್ಲಿ (ಇದೂ 2018ರದೇ) ನಿಜವಾದ ಟಿಎಂಎಸ್ ಪಡೆದವರಲ್ಲಿ ಸುಮಾರು ಶೇ 41 ಮಂದಿ ಗುಣವಾದರೆ, ಪಲ್ಸ್ ತಲುಪಿಸದ ನಕಲಿ ಕಾಯಿಲ್ ಇಟ್ಟವರಲ್ಲೂ ಶೇ 37 ಮಂದಿ ಗುಣವಾದರು. ದಿನವೂ ಒಂದು ಕಡೆ ಹೋಗಿ ಕೂರುವುದು, ಯಾರೋ ಕಾಳಜಿಯಿಂದ ವಿಚಾರಿಸುವುದು, ಇವೇ ಅಷ್ಟು ಕೆಲಸ ಮಾಡಿರಬಹುದು. ನಮ್ಮಲ್ಲಿ ಇಷ್ಟು ಜನ ಗುಣವಾದರು ಎಂದು ಕೇಂದ್ರದವರು ಹೇಳಿದಾಗ ಇದು ನೆನಪಿರಲಿ.

ಕೊಡುವ ರೀತಿ ಸರಿಯಿದೆಯೇ ಎಂದು ನೀವೇ ನೋಡಬಹುದು. ಡೋಸ್ ಎಲ್ಲರಿಗೂ ಒಂದೇ ಅಲ್ಲ. ಮೊದಲ ದಿನ ಕೈಯನ್ನು ಆಳುವ ಭಾಗದ ಮೇಲೆ ಕಾಯಿಲ್ ಇಟ್ಟು ಒಂದೊಂದೇ ಪಲ್ಸ್ ಬಿಡುತ್ತಾರೆ. ಹತ್ತು ಪಲ್ಸ್‌ಗೆ ಐದು ಸಲ ಹೆಬ್ಬೆರಳು ಅದುರುವ ಅತಿ ಕಡಿಮೆ ಶಕ್ತಿಯೇ ಆ ವ್ಯಕ್ತಿಯ ಮಿತಿ. ಖಿನ್ನತೆಗೆ ಸಾಮಾನ್ಯವಾಗಿ ಅದರ ಶೇ 120. ತಲೆಪೆಟ್ಟಿನವರ ಅಧ್ಯಯನಗಳಲ್ಲಿ ಶೇ 70ಕ್ಕೂ ಇಳಿಸಿದ್ದುಂಟು. ರಾತ್ರಿ ನಿದ್ದೆಗೆಟ್ಟರೆ, ಮಾತ್ರೆ ಬದಲಾದರೆ, ಕುಡಿತ ಏಕಾಏಕಿ ನಿಲ್ಲಿಸಿದರೆ ಈ ಮಿತಿ ಬದಲಾಗಬಹುದು. ನಿನ್ನೆ ಸರಿಯಿದ್ದ ಡೋಸ್ ಇಂದು ಫಿಟ್ಸ್ ತರುವುದು ಹೀಗೆ. ಇದು ತೀರಾ ಅಪರೂಪ, ನಿಜ. ಆದರೂ ಪ್ರತಿದಿನ ನಿದ್ದೆ-ಮಾತ್ರೆ ವಿಚಾರಿಸದೆ ಕುರ್ಚಿಗೆ ಕೂರಿಸುವ ಜಾಗ ನಂಬಬೇಡಿ.

ತಲೆಯ ಮೇಲೆ ಕಾಯಿಲ್ ಇಡುವ ಜಾಗ ಹುಡುಕುವುದರಲ್ಲೂ ಎಡವುತ್ತಾರೆ. ಹೆಬ್ಬೆರಳು ಅದುರಿದ ಬಿಂದುವಿನಿಂದ ಐದು ಸೆಂಟಿಮೀಟರ್ ಮುಂದೆ ಎಂಬ ಹಳೆಯ ಲೆಕ್ಕ ದೊಡ್ಡ ತಲೆಯವರಲ್ಲಿ ಗುರಿ ತಪ್ಪುತ್ತದೆ. ಟೇಪಿನಿಂದ ತಲೆಯ ಸುತ್ತಳತೆ, ಮೂಗಿನ ಬುಡದಿಂದ ಹಿಂದಲೆಯವರೆಗೆ, ಕಿವಿಯಿಂದ ಕಿವಿಗೆ ಅಳೆದು ಗುರುತಿಸುವುದು ಮೇಲು. ಎಂಆರ್‌ಐ ಚಿತ್ರ ನೋಡಿಕೊಂಡು ಇಡುವುದು ಇನ್ನೂ ಮೇಲು. ಕಾಯಿಲ್‌ನ ಅಂಚು ತುಸು ಎದ್ದರೂ ಶಕ್ತಿ ಬೇಗ ಕುಸಿಯುತ್ತದೆ, ಸಿಟ್ಟಿಂಗ್ ದಂಡ.

ತಲೆಯೊಳಗೆ ಕ್ಲಿಪ್, ಲೋಹದ ಚೂರು, ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಕೂರಿಸಿದ ಶ್ರವಣ ಸಾಧನ) ಇದ್ದರೆ ಮೊದಲೇ ಹೇಳಿ. ಬುಪ್ರೊಪಿಯಾನ್ (ಖಿನ್ನತೆಯ ಮಾತ್ರೆ), ಟ್ರಮಡಾಲ್ (ನೋವಿನ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಎರಡೂ ಫಿಟ್ಸ್‌ನ ಸಾಧ್ಯತೆ ಹೆಚ್ಚಿಸುತ್ತವೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ತಲೆನೋವಿಗೆ ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತಾರೆ, ಎಣಿಸಿ. ಸಾದಾ ನೋವಿನ ಮಾತ್ರೆ 15 ದಿನ, ಹಲವು ಔಷಧ ಬೆರೆಸಿದ ಮಾತ್ರೆಯಾದರೆ 10 ದಿನ ದಾಟಿ ಮೂರು ತಿಂಗಳು ಕಳೆದಿದ್ದರೆ, ಮಾತ್ರೆಯೇ ತಲೆನೋವು ಉಳಿಸುತ್ತಿರಬಹುದು. ಅದಕ್ಕೆ ಯಾವ ಕಾಯಿಲ್ ಏನು ಮಾಡೀತು?

ನೀವು ಬರೆದ ಲಕ್ಷಣಗಳಲ್ಲಿ ಕನಸು, ಬೆಚ್ಚುವುದು, ಗಾಡಿಯಿಂದ ದೂರ ಸರಿಯುವುದು ಪಿಟಿಎಸ್‌ಡಿಯತ್ತ ಬೆರಳು ಮಾಡುತ್ತವೆ. ಮರೆವು ಪಿಟಿಎಸ್‌ಡಿ, ಕನ್ಕಷನ್ ಎರಡರಲ್ಲೂ ಬರುತ್ತದೆ, ನಿದ್ದೆಗೆಟ್ಟರೂ ಬರುತ್ತದೆ. ಪಿಟಿಎಸ್‌ಡಿಗೆ ಪುರಾವೆ ಗಟ್ಟಿಯಿರುವುದು ಆಘಾತವನ್ನೇ ಎದುರಿಸಿ ಮಾಡುವ ಸಮಾಲೋಚನೆಗೆ: ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ಹೆದರಿ ದೂರವಿಟ್ಟದ್ದನ್ನು ಹಂತಹಂತವಾಗಿ ಎದುರಿಸುವುದು), ಸಿಪಿಟಿ (ಆಘಾತದ ಬಗೆಗಿನ ಯೋಚನೆಗಳನ್ನು ತಿದ್ದಿಕೊಳ್ಳುವುದು), ಇಎಂಡಿಆರ್ (ಕಣ್ಣು ಆಡಿಸುತ್ತ ಆಘಾತವನ್ನು ನೆನೆಯುವುದು). ವಾರಕ್ಕೊಂದರಂತೆ ಸುಮಾರು ಮೂರು ತಿಂಗಳು. ತಲೆಸುತ್ತಿಗೆ ಸಮತೋಲನದ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಬೇಕು. ಟ್ರೆಡ್‌ಮಿಲ್ ಮೇಲೆ ಯಾವ ಎದೆಬಡಿತಕ್ಕೆ ತಲೆನೋವು ಏರುತ್ತದೆಂದು ಕಂಡುಕೊಂಡು, ಎದೆಬಡಿತವನ್ನು ಅದರ ಶೇ 80ರಷ್ಟರಲ್ಲೇ ಇರಿಸಿಕೊಂಡು ದಿನವೂ 20 ನಿಮಿಷ ನಡೆಯುವ ಕ್ರಮವೂ ಒಳ್ಳೆಯದು. ಇವನ್ನೆಲ್ಲ ಪ್ರಯತ್ನಿಸದೆ ಟಿಎಂಎಸ್‌ಗೆ ಹೋಗುವುದು ನನಗೆ ಸರಿಕಾಣದು. ಹೊಸದಾಗಿ ವಾಂತಿ, ಒಂದು ಕಡೆ ಬಲಹೀನತೆ, ಫಿಟ್ಸ್, ಸಾಯುವ ಮಾತು ಕಂಡರೆ ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟಾದ ಮೇಲೂ ಟಿಎಂಎಸ್ ಬೇಕೆನಿಸಿದರೆ, ಶುರುವಿಗೆ ಮೊದಲು ಪಿಟಿಎಸ್‌ಡಿ ಲಕ್ಷಣ ಅಳೆಯುವ ಪಿಸಿಎಲ್-5 ಪ್ರಶ್ನಾವಳಿ ತುಂಬಿಸಿ. ಇಪ್ಪತ್ತು ಪ್ರಶ್ನೆ, 80 ಅಂಕ. ಹತ್ತು ಸಿಟ್ಟಿಂಗ್‌ಗೊಮ್ಮೆ ಮತ್ತೆ ತುಂಬಿಸಿ. ಹತ್ತು ಅಂಕವೂ ಇಳಿಯದಿದ್ದರೆ ಮುಂದುವರಿಸುವುದೇಕೆ ಎಂದು ಕೇಳಿ. ಪೂರ್ತಿ ಹಣ ಮುಂಗಡ ಕಟ್ಟಬೇಡಿ. "ಇದು ಸಂಶೋಧನೆ" ಎಂದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ತೋರಿಸಲು ಹೇಳಿ. ನಿಜವಾದ ಸಂಶೋಧನೆಯಲ್ಲಿ ಪ್ರಯೋಗದ ಖರ್ಚನ್ನು ಸಾಮಾನ್ಯವಾಗಿ ರೋಗಿಯಿಂದ ವಸೂಲಿ ಮಾಡುವುದಿಲ್ಲ.