ಪೇಂಟ್ ಆಮೇಲೆ ನೋಡಿ, ಮೊದಲು ಬಗ್ಗಿ ಕೆಳಗೆ ನೋಡಿ

ಪ್ರಶ್ನೆ: ನಮಸ್ಕಾರ ಸಾರ್. ಬೈಕಿನ ಪಕ್ಕಕ್ಕೆ ಜೋಡಿಸಿ ಜನರನ್ನು ಕೂರಿಸುವ ಒಂಟಿ ಚಕ್ರದ ಗಾಡಿ, ಅಂದರೆ ಹಳೇ ಸೈಡ್‌ಕಾರ್, ತುಂಬಾ ದಿನದಿಂದ ಹುಡುಕುತ್ತಿದ್ದೆ. ಈಗ ಒಂದು ಕಣ್ಣಿಗೆ ಬಿದ್ದಿದೆ. ಜರ್ಮನಿಯ ಸ್ಟೈಬ್ ಕಂಪನಿಯ ಎಸ್ 500 ಅನ್ನುತ್ತಿದ್ದಾರೆ. ಹೊಸ ಪೇಂಟ್, ಹೊಸ ಸೀಟು, ನೋಡೋಕೆ ಬಹಳ ಚೆನ್ನಾಗಿದೆ. ಸದ್ಯಕ್ಕೆ ಯಾವ ಬೈಕಿಗೂ ಜೋಡಿಸಿಲ್ಲ. ಮುಂದಿನ ವಾರ ನೋಡೋಕೆ ಹೋಗುತ್ತೇನೆ. ಏನೇನು ನೋಡಬೇಕು?

ಉತ್ತರ: ನಮಸ್ಕಾರ. ಹೊಸ ಪೇಂಟ್ ಅಂದ ಕೂಡಲೇ ನನಗೆ ಸ್ವಲ್ಪ ಭಯ ಆಗುತ್ತದೆ. ಹಳೇ ಪೇಂಟ್ ಇದ್ದರೆ ಎಲ್ಲಿ ತುಕ್ಕು, ಎಲ್ಲಿ ಬಿರುಕು ಅಂತ ಅದೇ ಹೇಳುತ್ತದೆ. ಹೊಸದು ಎಲ್ಲವನ್ನೂ ಮುಚ್ಚುತ್ತದೆ. ಮಾರುವವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಸಲ ಕೆಳಗೆ ಏನಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಶುರುವಿನಲ್ಲಿ ನಾನು ತಗೊಂಡ ಸೈಡ್‌ಕಾರ್ ಕೂಡ ಹೀಗೇ ಮಿರಮಿರ ಮಿಂಚುತ್ತಿತ್ತು. ಮೂರು ತಿಂಗಳು ಓಡಿಸಿದೆ. ಒಂದು ದಿನ ಹ್ಯಾಂಡಲ್ ಒಂದು ಕಡೆಗೆ ಎಳೆಯೋಕೆ ಶುರುವಾಯಿತು. ಒಳಗೆ ನನ್ನ ಮಗಳು ಕೂತಿದ್ದಳು. ನಿಲ್ಲಿಸಿ, ನೆಲಕ್ಕೆ ಮಲಗಿ ನೋಡಿದರೆ ಚಕ್ರ ಹಿಡಿಯುವ ತೋಳಿನ ಪಕ್ಕದಲ್ಲಿ ಪೈಪ್ ಅರ್ಧ ಸುತ್ತು ಸೀಳಿತ್ತು. ಹಳೇ ವೆಲ್ಡಿಂಗ್ ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದಿದ್ದರು. ಏನೂ ಅನಾಹುತ ಆಗಲಿಲ್ಲ. ಆದರೆ ಆವತ್ತಿನಿಂದ ಯಾವ ಸೈಡ್‌ಕಾರ್ ನೋಡೋಕೆ ಹೋದರೂ ನಾನು ಮೊದಲು ನೆಲಕ್ಕೆ ಮಲಗುತ್ತೇನೆ.

ಬರೀ ಬೈಕ್ ತಿರುವಿನಲ್ಲಿ ವಾಲುತ್ತದೆ, ಅದಕ್ಕೇ ಭಾರ ಚಕ್ರದ ಮೇಲೆ ನೆಟ್ಟಗೆ ಬೀಳುತ್ತದೆ. ಸೈಡ್‌ಕಾರ್ ಜೋಡಿಸಿದ ಮೇಲೆ ಗಾಡಿ ವಾಲುವುದಿಲ್ಲ. ತಿರುವಿನ ಒತ್ತಡವೆಲ್ಲ ಅಡ್ಡಡ್ಡವಾಗಿ ಚಕ್ರ, ಸ್ಪೋಕ್, ಚಾಸಿ (ಕೆಳಗಿನ ಪೈಪಿನ ಚೌಕಟ್ಟು), ಜೋಡಣೆಗಳ ಮೇಲೇ ಬೀಳುತ್ತದೆ. ಬಾಡಿ ಕೂರುವ ಪೆಟ್ಟಿಗೆ ಅಷ್ಟೇ. ಕೂತವರನ್ನು ಹೊರುವುದು ಕೆಳಗಿನ ಪೈಪುಗಳು. ಹಾಗಾಗಿ ಟಾರ್ಚ್, ಸಣ್ಣ ಸುತ್ತಿಗೆ, ಮ್ಯಾಗ್ನೆಟ್, ಅಳತೆ ಟೇಪ್, ಒಂದು ಉಂಡೆ ದಾರ ತಗೊಂಡು ಹೋಗಿ. ಒಳಗಿನ ಮ್ಯಾಟ್, ಸೀಟು ತೆಗೆದು ತೋರಿಸಬೇಕು ಅಂತ ಫೋನಿನಲ್ಲೇ ಹೇಳಿಬಿಡಿ.

ಚಾಸಿಯಲ್ಲಿ ಪೈಪು ಪೈಪು ಸೇರುವ ಜಾಗಗಳನ್ನು ಒಂದೊಂದಾಗಿ ಒರೆಸಿ ನೋಡಿ. ಬಿರುಕು ಮೊದಲು ಕಾಣುವುದು ಕೂದಲೆಳೆಯಷ್ಟು ತೆಳ್ಳಗಿನ ಗೆರೆಯಾಗಿ. ಅದರ ಅಂಚಿನಲ್ಲಿ ಕಂದು ಬಣ್ಣದ ತುಕ್ಕು ಒಸರಿರುತ್ತದೆ. ಪಕ್ಕದಲ್ಲಿ ಪೇಂಟ್ ಇನ್ನೂ ಹೊಳೆಯುತ್ತಿದ್ದರೂ ಈ ಗೆರೆ ಮಾತ್ರ ಸುಳ್ಳು ಹೇಳುವುದಿಲ್ಲ. ಆಮೇಲೆ ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಠಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ, ಇಲ್ಲವೇ ಮೇಲೆ ದಪ್ಪಗೆ ಪುಟ್ಟಿ ಇದ್ದರೆ ಸದ್ದು ಸತ್ತುಹೋಗುತ್ತದೆ. ನೀರು ಇಳಿದು ನಿಲ್ಲುವ ತಗ್ಗಿನ ಜಾಗದಲ್ಲಿ ಇದನ್ನು ಎರಡು ಸಲ ಮಾಡಿ. ಪುಟ್ಟಿಯ ಅನುಮಾನ ಬಂದರೆ ಮ್ಯಾಗ್ನೆಟ್ ಹಿಡಿಯಿರಿ, ಅಲ್ಲಿ ಅದು ಅಂಟುವುದಿಲ್ಲ, ಅಥವಾ ಸಡಿಲವಾಗಿ ಅಂಟುತ್ತದೆ.

ಚಾಸಿ ಬೆಂಡ್ ಆಗಿದೆಯಾ ಅಂತ ತಿಳಿಯೋಕೆ ಸಮನಾದ ನೆಲ ಬೇಕು. ಉದ್ದದ ಪೈಪಿನ ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದರೆ ಬಾಗು ಕಾಣುತ್ತದೆ. ಚಕ್ರವನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡಿ, ಮೇಲ್ಭಾಗ ಒಂದು ಕಡೆಗೆ ವಾಲಿದ್ದರೆ ಆಕ್ಸಲ್ ಅಥವಾ ತೋಳು ಬಾಗಿರಬಹುದು. ಟೈರಿನ ಮೇಲೆ ಅಂಗೈ ಸವರಿ. ಒಂದು ಕಡೆಗೆ ನುಣುಪು, ವಾಪಸ್ ಎಳೆದಾಗ ಗರಗಸದ ಹಾಗೆ ತಡೆದರೆ ಆ ಸೈಡ್‌ಕಾರ್ ತಪ್ಪು ಅಲೈನ್‌ಮೆಂಟಿನಲ್ಲಿ ಓಡಿದೆ ಅಂತ ಅರ್ಥ. ಹೊಂದಿಸಿರಲಿಕ್ಕಿಲ್ಲ ಅಷ್ಟೇ, ಅಥವಾ ಬಾಗಿ ಹೊಂದಿಸೋಕೆ ಆಗದೆಯೂ ಇರಬಹುದು. ಕೇಳಿ.

ಚಕ್ರದ ಮೇಲ್ಭಾಗ, ಕೆಳಭಾಗ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ, ಅದು ಸಣ್ಣ ಕೆಲಸ. ಸ್ಪೋಕ್‌ಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು. ಟೈರ್ ಎಷ್ಟೇ ಹೊಸದಾಗಿ ಕಂಡರೂ ಪಕ್ಕದಲ್ಲಿ ಒತ್ತಿದ ತಾರೀಖು ಓದಿ. 2000ದಿಂದ ಈಚೆಗೆ ಅದು ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದಕ್ಕೂ ಹಿಂದಿನದು, ಓಡಿಸುವ ಮುಂಚೆ ಬದಲಾಯಿಸಲೇಬೇಕು.

ಜೋಡಣೆಯ ಸಾಮಾನಿನ ವಿಷಯಕ್ಕೆ ಬರೋಣ. ಜನ ಜಾಸ್ತಿ ಎಡವುವುದು ಇಲ್ಲೇ. ಸಾಮಾನ್ಯವಾಗಿ ನಾಲ್ಕು ಕಡೆ ಜೋಡಣೆ ಇರುತ್ತದೆ. ಕೆಳಗಿನ ಎರಡು ಮುಖ್ಯವಾಗಿ ಭಾರ ಹೊರುತ್ತವೆ, ಮೇಲಿನ ಎರಡರಿಂದ ಬೈಕ್ ಎಷ್ಟು ವಾಲಿ ನಿಲ್ಲಬೇಕು ಅಂತ ಹೊಂದಿಸುತ್ತೇವೆ. ನಿಮಗೆ ಸಿಕ್ಕಿರುವುದು ಬೈಕಿನಿಂದ ಬಿಚ್ಚಿಟ್ಟದ್ದು. ಹಾಗಾದರೆ ಆ ತೋಳುಗಳು, ಕ್ಲಾಂಪುಗಳು, ಬೋಲ್ಟುಗಳು ಎಲ್ಲಿ? ಒಂದು ಡಬ್ಬದಲ್ಲಿ ಹಾಕಿಟ್ಟಿದ್ದರೆ ನೆಲದ ಮೇಲೆ ಹರಡಿ ಎಣಿಸಿ. ಬೋಲ್ಟ್ ತೂರುವ ತೂತು ದುಂಡಗಿದೆಯಾ, ಸವೆದು ಮೊಟ್ಟೆಯಾಕಾರ ಆಗಿದೆಯಾ ನೋಡಿ. ಬಾಲ್ ಜೋಡಣೆ ಇದ್ದರೆ ಆ ಗುಂಡಿನ ಮೇಲೆ ಹೆಬ್ಬೆರಳು ಆಡಿಸಿ, ಸವೆದು ಚಪ್ಪಟೆಯಾದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಸೀಟು ಹೊಲಿಸಬಹುದು, ಪೇಂಟ್ ಹೊಡೆಸಬಹುದು. ಸರಿಯಾದ ಜೋಡಣೆ ಸಾಮಾನು ಹುಡುಕುವುದು ಮಾತ್ರ ವರ್ಷಗಟ್ಟಲೆ ಹಿಡಿಯಬಹುದು. ಪೇಂಟ್ ಕಿತ್ತುಹೋಗಿದ್ದರೂ ಸಾಮಾನು ಪೂರ್ತಿ ಇರುವ ಸೈಡ್‌ಕಾರ್ ಎದುರಿಗಿದ್ದರೆ ನಾನು ಅದನ್ನೇ ತಗೊಳ್ಳುತ್ತೇನೆ.

ಬಾಡಿ ಕಡೆಗೆ ನೋಡೋಣ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ತಯಾರಾದ ಅಸಲಿ ಎಸ್ 500ನ ಬಾಡಿ ಉಕ್ಕಿನದು. ಮೂತಿ ಚೂಪಾದ ಆ ಆಕಾರ ಜನರಿಗೆ ಎಷ್ಟು ಇಷ್ಟ ಅಂದರೆ ಅದರ ನಕಲುಗಳೂ ಬಂದಿವೆ. ಮ್ಯಾಗ್ನೆಟ್ ಎಲ್ಲೂ ಅಂಟದಿದ್ದರೆ ಅದು ಫೈಬರ್‌ಗ್ಲಾಸ್ ಇರಬಹುದು. ಅಂಟಿದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಚಾಸಿ ನಂಬರ್, ಆ ನಂಬರ್ ಇರುವ ಕಂಪನಿಯ ತಗಡಿನ ರಿವೆಟ್ಟುಗಳು, ಹಳೇ ಫೋಟೋ, ಹಳೇ ಕಾಗದ ಎಲ್ಲ ಕೇಳಿ ನೋಡಿ. ನಕಲು ಆದರೆ ಕೆಟ್ಟದ್ದು ಅಂತ ಏನಿಲ್ಲ, ಅಸಲಿಯ ಬೆಲೆ ಕೊಡಬೇಡಿ ಅಷ್ಟೇ. ಮ್ಯಾಟ್ ಎತ್ತಿ ನೆಲದ ತಗಡನ್ನು ಹೆಬ್ಬೆರಳಿನಿಂದ ಒತ್ತಿ, ಮೂಲೆಗಳನ್ನು ಬಿಡಬೇಡಿ. ಬಾಡಿ ಚಾಸಿಗೆ ಕೂರುವ ಕಡೆ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಬದಲಾಯಿಸಬೇಕಾಗುತ್ತದೆ.

ಪ್ರಶ್ನೆ: ನಾನು ನೋಡಿರುವ ಸೈಡ್‌ಕಾರ್ ಬೈಕಿನ ಜೊತೆಗೇ ಮಾರಾಟಕ್ಕಿದೆ. ಓಡಿಸಿ ನೋಡಬಹುದು ಅಂದಿದ್ದಾರೆ. ನಾನು ಇಲ್ಲಿವರೆಗೆ ಬರೀ ಬೈಕ್ ಓಡಿಸಿದವನು. ಸುಮ್ನೆ ಒಂದು ರೌಂಡ್ ಹೋಗಿ ಬರಲಾ?

ಉತ್ತರ: ದಯವಿಟ್ಟು ಮೊದಲ ಸಲ ರಸ್ತೆಯಲ್ಲಿ ಓಡಿಸಬೇಡಿ. ಬೈಕಿನ ಅಭ್ಯಾಸ ಇಲ್ಲಿ ನಿಮ್ಮನ್ನೇ ಕೆಡವುತ್ತದೆ. ಇದನ್ನು ವಾಲಿಸಿ ಅಲ್ಲ, ಹ್ಯಾಂಡಲ್ ತಿರುಗಿಸಿ ಓಡಿಸಬೇಕು. ಸೈಡ್‌ಕಾರ್ ಇರುವ ಕಡೆಗೇ ಜೋರಾಗಿ ತಿರುಗಿಸಿದರೆ, ಅದು ಖಾಲಿ ಇದ್ದರೆ, ಚಕ್ರ ನೆಲ ಬಿಟ್ಟು ಎದ್ದುಬಿಡುತ್ತದೆ. ಮಾರುವವರೇ ಓಡಿಸಲಿ, ನೀವು ಒಳಗೆ ಕೂತು ಒಂದು ಸುತ್ತು ಹೋಗಿ, ಇನ್ನೊಂದು ಸುತ್ತು ಹಿಂದಿನಿಂದ ನೋಡುತ್ತಾ ಹೋಗಿ. ನಿಮಗೇ ಓಡಿಸಬೇಕು ಅಂತಿದ್ದರೆ ಖಾಲಿ ಮೈದಾನ ಹುಡುಕಿ, ಒಳಗೆ ಮರಳಿನ ಚೀಲ ಇಟ್ಟು ಕಟ್ಟಿ, ಮೆಲ್ಲಗೆ ಶುರು ಮಾಡಿ.

ವೇಗ ಹೆಚ್ಚಿಸಿದಾಗ ಗಾಡಿ ಸೈಡ್‌ಕಾರ್ ಕಡೆಗೆ ಎಳೆಯುವುದು, ಬ್ರೇಕ್ ಹಿಡಿದಾಗ ಅದರ ವಿರುದ್ಧ ಕಡೆಗೆ ಎಳೆಯುವುದು ಸಹಜ. ನಿಧಾನ ವೇಗದಲ್ಲಿ ಹ್ಯಾಂಡಲ್ ಸ್ವಲ್ಪ ಗಡಗಡ ಅಲ್ಲಾಡುವುದೂ ಹಲವು ಗಾಡಿಗಳಲ್ಲಿ ಇದ್ದದ್ದೇ, ಅದಕ್ಕೇ ಸ್ಟಿಯರಿಂಗ್ ಡ್ಯಾಂಪರ್ ಹಾಕುತ್ತಾರೆ. ಸಮನಾದ ವೇಗದಲ್ಲಿ, ನೆಟ್ಟಗಿನ ರಸ್ತೆಯಲ್ಲೂ ಒಂದೇ ಕಡೆಗೆ ಬಲವಾಗಿ ಎಳೆಯುತ್ತಿದ್ದರೆ ಮಾತ್ರ ಯೋಚನೆ ಮಾಡಿ. ಹೊಂದಿಸಿದರೆ ಸರಿ ಹೋಗುತ್ತಾ ಅಂತ ಕೇಳಿ, ಹೌದು ಅಂದರೆ ನಿಮ್ಮ ಮುಂದೆಯೇ ಹೊಂದಿಸಿ ತೋರಿಸಲಿ. ನಿಂತಿರುವಾಗ ಇನ್ನೊಂದು ಕೆಲಸ ಮಾಡಿ. ಯಾರಾದರೂ ಒಳಗೆ ಕೂತು ಅಲುಗಾಡಲಿ, ನೀವು ಒಂದೊಂದು ಜೋಡಣೆಯ ಮೇಲೂ ಬೆರಳಿಡಿ. ಎರಡು ಲೋಹದ ನಡುವೆ ಟಿಕ್ ಅನ್ನುವ ಅಲುಗಾಟ ಬೆರಳಿಗೆ ಸಿಕ್ಕರೆ ಅಲ್ಲಿ ಸವೆತ ಇದೆ, ಇಲ್ಲವೇ ಬೋಲ್ಟ್ ಸಡಿಲ ಇದೆ.

ಬೈಕನ್ನೂ ನೋಡಿ. 1955ರಿಂದ 1969ರವರೆಗೆ ಬಿಎಂಡಬ್ಲ್ಯು ತಯಾರಿಸಿದ ಅರ್ಲ್ಸ್ ಫೋರ್ಕ್ (ಮುಂದಿನ ಚಕ್ರವನ್ನು ತೋಳಿನಲ್ಲಿ ಹಿಡಿಯುವ ಒಂದು ಬಗೆಯ ಫೋರ್ಕ್) ಗಾಡಿಗಳಲ್ಲಿ ಫೋರ್ಕ್ ತೋಳನ್ನು ಎರಡು ಜಾಗದಲ್ಲಿ ಕೂರಿಸಬಹುದಿತ್ತು, ಒಂದು ಬರೀ ಬೈಕಿಗೆ, ಇನ್ನೊಂದು ಸೈಡ್‌ಕಾರಿಗೆ. ಹ್ಯಾಂಡಲ್ ಹಗುರ ಆಗಲಿ ಅಂತ. ಅಂಥ ಗಾಡಿ ಆದರೆ ತೋಳು ಯಾವ ತೂತಿನಲ್ಲಿ ಕೂತಿದೆ ನೋಡಿ. ತಪ್ಪು ತೂತಿನಲ್ಲಿದ್ದರೆ ಸೈಡ್‌ಕಾರ್ ಕೆಟ್ಟದ್ದಲ್ಲದಿದ್ದರೂ ಹ್ಯಾಂಡಲ್ ಭಾರ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಕಡೆ ರಸ್ತೆಯ ಎಡಗಡೆ ಓಡಿಸುತ್ತೇವೆ. ಒಳ್ಳೆಯ ಸೈಡ್‌ಕಾರ್ ಸಿಕ್ಕಿದೆ, ಆದರೆ ಬಲಗಡೆ ಜೋಡಿಸುವಂಥದ್ದು. ತಿರುಗಿಸಿ ಹಾಕಬಹುದಾ?

ಉತ್ತರ: ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ. ಎಡಗಡೆ ಓಡಿಸುವ ಕಡೆ ಸೈಡ್‌ಕಾರ್ ಎಡಕ್ಕೆ, ಬಲಗಡೆ ಓಡಿಸುವ ಕಡೆ ಬಲಕ್ಕೆ ಇರುತ್ತದೆ, ಕೂತವರು ರಸ್ತೆಯ ಅಂಚಿಗೆ ಇಳಿಯಲಿ ಅಂತ. ಚಕ್ರದ ತೋಳು, ಜೋಡಣೆಯ ಜಾಗ, ಬಾಗಿಲು, ಮಡ್‌ಗಾರ್ಡ್ ಎಲ್ಲವೂ ಒಂದೇ ಕಡೆಗೆ ಅಂತ ಮಾಡಿದ್ದು. ತಿರುಗಿಸಬೇಕಾದರೆ ಚಾಸಿಯನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕಾಗುತ್ತದೆ, ಅಲ್ವಾ? ಹಳೇ ಚಾಸಿಗೆ ಅದು ಒಳ್ಳೆಯದಲ್ಲ. ಬಲಗಡೆಯೇ ಇಟ್ಟು ಓಡಿಸೋಣ ಅಂದರೆ ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯಾ, ರಿಜಿಸ್ಟ್ರೇಷನ್ ಆಗುತ್ತದಾ ಅಂತ ಮುಂಗಡ ಕೊಡುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಅನುಮತಿ ಇದ್ದರೂ ಮುಂದಿನ ಗಾಡಿ ದಾಟುವಾಗ ನಿಮ್ಮ ಪಕ್ಕದಲ್ಲಿ ಕೂತವರೇ ಮೊದಲು ಎದುರಿನ ವಾಹನಗಳ ಕಡೆಗೆ ಹೋಗುತ್ತಾರೆ. ಎಡಗಡೆಯದು ಸಿಗುವ ತನಕ ಕಾಯಿರಿ.