ತೋಳಿನ ಪಟ್ಟಿ ಹೇಳುವ ಹಸಿವು

ಪ್ರಶ್ನೆ: ಬರ, ಯುದ್ಧಪೀಡಿತ ಪ್ರದೇಶಗಳಲ್ಲಿ ಯುನಿಸೆಫ್ ನೆರವಿನ ಕಾರ್ಯಕರ್ತರು ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತುವುದೇಕೆ? ಆಮೇಲೆ ಕೊಡುವ ಪೊಟ್ಟಣದಲ್ಲಿ ಏನಿರುತ್ತದೆ?

ಉತ್ತರ: ಅದು ಅಪೌಷ್ಟಿಕತೆಯನ್ನು ಅಳೆಯುವ ಪಟ್ಟಿ. 6ರಿಂದ 59 ತಿಂಗಳ ಮಕ್ಕಳಿಗೆ ಬಳಸುತ್ತಾರೆ. ಎಡತೋಳನ್ನು ಸಡಿಲವಾಗಿ ಇಳಿಬಿಟ್ಟು, ಭುಜ ಮತ್ತು ಮೊಣಕೈಗಳ ನಟ್ಟನಡುವೆ ಸುತ್ತಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 12.5ರವರೆಗೆ ಹಳದಿ, ಅದಕ್ಕೂ ಮೇಲೆ ಹಸಿರು. ಪಟ್ಟಿ ಬಿಗಿಯಾದರೆ ಅಳತೆ ಕಡಿಮೆ ಬರುತ್ತದೆ, ಸಡಿಲವಾದರೆ ಕಾಯಿಲೆಯ ಮಗುವೇ ಕೈತಪ್ಪಿ ಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಪಟ್ಟಿಯೊಂದನ್ನೇ ನಂಬುವಂತೆಯೂ ಇಲ್ಲ: ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ 3 ಸೆಕೆಂಡ್ ಒತ್ತಿದಾಗ ಗುಳಿ ಉಳಿದರೆ ಅದು ಅಪೌಷ್ಟಿಕತೆಯಿಂದ ಬಂದ ಊತ, ತೋಳಿನ ಅಳತೆ ಎಷ್ಟೇ ಇರಲಿ, ತಕ್ಷಣ ಚಿಕಿತ್ಸೆ ಬೇಕು.

ಪೊಟ್ಟಣದಲ್ಲಿರುವುದು ಕಡಲೆಕಾಯಿ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಮತ್ತು ಖನಿಜಗಳು. 92 ಗ್ರಾಂನಲ್ಲಿ ಸುಮಾರು 500 ಕಿಲೋಕ್ಯಾಲೊರಿ. ನೀರಿನಂಶ ತೀರಾ ಕಡಿಮೆಯಾದ್ದರಿಂದ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ, ಬೇಯಿಸುವ ಗೋಜೂ ಇಲ್ಲ. ನೀರು ಬೆರೆಸಬಾರದು, ಶುದ್ಧ ನೀರನ್ನು ಬೇರೆಯಾಗಿ ಕುಡಿಸಬೇಕು. ಎದೆಹಾಲು ಕುಡಿಯುವ ಮಗುವಿಗೆ ಮೊದಲು ಎದೆಹಾಲು, ನಂತರ ಪೇಸ್ಟ್. ಮಗು ಅದನ್ನು ತಿನ್ನಲು ನಿರಾಕರಿಸಿದರೆ ಮನೆಗೆ ಕಳಿಸದೆ ಆಸ್ಪತ್ರೆಗೆ ಸೇರಿಸುತ್ತಾರೆ. ತೂಕ ಏರದಿದ್ದರೆ ಪೊಟ್ಟಣ ಮನೆಯ ಇತರ ಮಕ್ಕಳಿಗೂ ಹಂಚಿಹೋಗುತ್ತಿದೆಯೇ ಎಂದು ವಿಚಾರಿಸಬೇಕು. ಹಸಿದ ಮನೆಯಲ್ಲಿ ಅದು ತಾಯಿಯ ತಪ್ಪಲ್ಲ. ಉಳಿದವರಿಗೂ ಆಹಾರ ಒದಗಿಸಬೇಕು.